ಗೌಡಿಕೆ ಯಾರದು, ಹೆಸರು ಯಾರದು?

ಈಚೆಗೆ ಯಾವ ಅರ್ಜಿ ಕೈಗೆ ತೆಗೆದುಕೊಂಡರೂ ಅದರಲ್ಲೊಂದು ಖಾನೆ ನನ್ನ ಕಣ್ಣಿಗೆ ಚುಚ್ಚುತ್ತದೆ. ‘ಸರ್‌ನೇಮ್’ ಎಂಬ ಖಾನೆ. ಬ್ಯಾಂಕಿನ ಅರ್ಜಿಯಲ್ಲಿ ಅದು, ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅದು, ಮಗ ಸೊಸೆಯರನ್ನು ನೋಡಲು ಹೊರಟ ತಾಯಂದಿರ ವಿಮಾನದ ಟಿಕೇಟಿನಲ್ಲೂ ಅದು. ಧಾರವಾಡ, ಬೆಳಗಾವಿಯ ಕಡೆಯವರಿಗೆ ಇದೊಂದು ತೊಡಕೇ ಅಲ್ಲ. ಅವರಿಗೆ ಮೊದಲಿನಿಂದಲೂ ಅಡ್ಡಹೆಸರಿನ ರೂಢಿಯುಂಟು. ಕರಾವಳಿಯವರಿಗೂ ಉಂಟು. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯ ನಮಗೆ ಮಾತ್ರ ಹೆಸರಿನ ಹಿಂದೆ ಎರಡು ಅಕ್ಷರ, ಹೆಸರಿನ ಮುಂದೆ ಬರಿಯ ಬಯಲು. ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ. ‘ಆನಂದ’ ಎಂಬ ಕಾವ್ಯನಾಮದಿಂದ ಕಥೆ ಬರೆದ ಅಜ್ಜಂಪುರ ಸೀತಾರಾಂ ಅವರ ಹೆಸರಿನಲ್ಲಿ ಊರು ಕುಳಿತಿದೆಯೇ ಹೊರತು ಜಾತಿಯಲ್ಲ, ಕುಲವಲ್ಲ. ಎಷ್ಟು ಒಳ್ಳೆಯ ಪದ್ಧತಿ ನೋಡಿ!

ಆದರೆ ಖಾನೆ ಖಾಲಿ ಬಿಡುವಂತಿಲ್ಲವಂತೆ. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನದವರು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳನ್ನು ಒಳಕ್ಕೆ ಬಿಡುವುದಿಲ್ಲವೆಂದು ಹೇಳಿ, ಆಮೇಲೆ ತಂದೆಯ ಹೆಸರು ಒಳಪುಟದಲ್ಲಿದ್ದರೆ ಆದೀತು ಎಂದು ಸಡಿಲಿಸಿದರು. ಅಮೆರಿಕದವರು ಒಂಟಿ ಹೆಸರಿನವರ ವೀಸಾದ ಮೇಲೆ ‘ಮೊದಲ ಹೆಸರು ಗೊತ್ತಿಲ್ಲ’ ಎಂಬರ್ಥದ ಮೂರಕ್ಷರ ಅಚ್ಚು ಮಾಡುತ್ತಾರೆ. ತಾಯಿ ತಂದೆ ನಾಮಕರಣ ಮಾಡಿ, ತೊಟ್ಟಿಲು ತೂಗಿ ಕರೆದ ಹೆಸರು ಕಣ್ಣೆದುರಿಗಿದ್ದರೂ ಗೊತ್ತಿಲ್ಲವಂತೆ! ಇರಲಿ, ಅವರ ದೇಶ, ಅವರ ಯಂತ್ರ. ನನ್ನ ತಕರಾರು ಅವರ ಮೇಲಲ್ಲ. ಆ ಖಾನೆಯನ್ನು ನಮ್ಮ ಊರುಗಳಲ್ಲಿ ನಾವು ಹೇಗೆ ತುಂಬುತ್ತಿದ್ದೇವೆ, ತುಂಬುವಾಗ ಯಾರ ಹೆಸರನ್ನು ಅಳಿಸುತ್ತಿದ್ದೇವೆ, ಅದರ ಮೇಲೆ.

ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬುವ ಹುಡುಗ ಕೇಳುತ್ತಾನೆ, “ಸರ್‌ನೇಮ್ ಏನು ಹಾಕ್ಲಿ ಮೇಡಂ?” ಹುಡುಗಿ ತಡವರಿಸಿದರೆ ಅವನೇ ಉತ್ತರವನ್ನೂ ಕೊಡುತ್ತಾನೆ, “ಗೌಡ ಅಂತ ಹಾಕಿಬಿಡ್ಲಾ?” ಹಾಗೆ ಹತ್ತನೆಯ ತರಗತಿಯವರೆಗೆ ಎರಡು ಇನಿಷಿಯಲ್ಲಿನೊಂದಿಗೆ ನನ್ನ ಹಾಜರಿ ಪುಸ್ತಕದಲ್ಲಿದ್ದ ಹುಡುಗಿ ಕಾಲೇಜಿಗೆ ಹೋಗುವ ಹೊತ್ತಿಗೆ ‘ಗೌಡ’ ಆಗುತ್ತಾಳೆ. ಮದುವೆಯಾದರೆ ಗಂಡನ ಹೆಸರು ಬಾಲವಾಗಿ ಬಂದು ಕೂರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲೊಂದು ಹೆಸರು, ಆಧಾರಿನಲ್ಲೊಂದು, ಬ್ಯಾಂಕಿನಲ್ಲೊಂದು, ಪಡಿತರ ಚೀಟಿಯಲ್ಲಿ ಇನ್ನೊಂದು. ಇವೆಲ್ಲವೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಲು ಅವಳು ನೋಟರಿಯವರ ಮುಂದೆ ನಿಲ್ಲಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತವರಿನ ಹೆಸರಿನಲ್ಲಿದ್ದ ಠೇವಣಿ ಬಿಡಿಸಿಕೊಳ್ಳಲು ಒಂದು ಕಚೇರಿಗೆ ಹಲವು ಸಲ ಅಲೆದಳು. “ನೀವೇ ನೀವು ಎನ್ನುವುದಕ್ಕೆ ಏನು ದಾಖಲೆ?” ಎಂದು ಕೇಳಿದರಂತೆ. ಅವಳ ಗಂಡನಿಗೆ ಈ ಪ್ರಶ್ನೆಯನ್ನು ಯಾರೂ ಯಾವತ್ತೂ ಕೇಳಲಿಲ್ಲ. ಹುಟ್ಟಿದಾಗಿನ ಹೆಸರಿನಲ್ಲೇ ಅವನು ಓದಿದ, ದುಡಿದ, ಮದುವೆಯಾದ.

ಮದುವೆಯಾದ ಹೆಣ್ಣು ಹೆಸರು ಬದಲಿಸಬೇಕೆಂದು ನಮ್ಮ ದೇಶದಲ್ಲಿ ಯಾವ ಕಾನೂನೂ ಇಲ್ಲ. ಇದನ್ನು ನಾನು ಹೇಳಿದಾಗಲೆಲ್ಲ ಓದಿದ ಹೆಂಗಸರೂ ಹುಬ್ಬೇರಿಸುತ್ತಾರೆ. ಇಲ್ಲದ ಕಾನೂನಿಗೆ ನಾವು ಇಷ್ಟು ವಿಧೇಯರಾಗಿದ್ದೇವೆ!

ಈಗ ಆ ‘ಗೌಡ’ ಎಂಬ ಮಾತಿಗೇ ಬರೋಣ. ಅದನ್ನು ಖಾನೆಗೆ ತುಂಬುವವರಲ್ಲಿ ಹೆಚ್ಚಿನವರು ಅದು ರಕ್ತದಿಂದ ಬಂದದ್ದು, ಜಾತಿಯಿಂದ ಬಂದದ್ದು ಎಂದು ತಿಳಿದಿದ್ದಾರೆ. ಅಲ್ಲ. ಅದು ಕೆಲಸದ ಹೆಸರು. ಹಳೆಯ ಶಾಸನಗಳಲ್ಲಿ ಈ ಮಾತು ‘ಗಾಮುಂಡ’ ಎಂದಿದೆ, ‘ಗಾವುಂಡ’ ಎಂದಿದೆ. ನಾಲಗೆಯ ಮೇಲೆ ಸವೆದು ಸವೆದು ‘ಗೌಡ’ ಆಗಿದೆ. ಕಡೂರು ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಮಾಡಿ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದರು. ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಇಂಥ ಸಂಪುಟಗಳನ್ನು ತೆರೆದರೆ ಗಾವುಂಡರು ಸಾಲುಸಾಲಾಗಿ ಸಿಗುತ್ತಾರೆ. ಊರ ತೆರಿಗೆ ಎತ್ತುವವರು ಅವರು, ಕೆರೆಯ ಕೆಲಸ ನೋಡುವವರು ಅವರು, ದೇವಸ್ಥಾನಕ್ಕೆ ಭೂಮಿ ಬಿಟ್ಟರೆ ಸಾಕ್ಷಿಗೆ ನಿಲ್ಲುವವರು ಅವರು. ತುರುಗಳ್ಳರು ದನ ಹೊಡೆದುಕೊಂಡು ಹೋದರೆ ಅಟ್ಟಿಸಿಕೊಂಡು ಹೋಗಿ ಕಾದಾಡುವ ಕೆಲಸವೂ ಅವರಿಗಿತ್ತು. ಅಮೃತಮಹಲ್ ದನಗಳ ಕಾವಲಿರುವ ಅಜ್ಜಂಪುರದವರಿಗೆ ದನದ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಒಂದು ಊರಿಗೆ ಊರ ಗಾವುಂಡ, ಹಲವು ಊರು ಸೇರಿದ ನಾಡಿಗೆ ನಾಳ್ಗಾವುಂಡ.

ಈ ಕೆಲಸ ಯಾವುದೋ ಒಂದು ಜಾತಿಯ ಸ್ವತ್ತಾಗಿರಲಿಲ್ಲ. ನಮ್ಮ ಮೂರು ತಾಲ್ಲೂಕುಗಳನ್ನೇ ಸುತ್ತಿ ಬನ್ನಿ. ಲಿಂಗಾಯತರಲ್ಲಿ ಊರಗೌಡರಿದ್ದರು, ಒಕ್ಕಲಿಗರಲ್ಲಿದ್ದರು, ಕುರುಬರಲ್ಲಿದ್ದರು. ಗಡಿ ದಾಟಿ ತಮಿಳುನಾಡಿನ ಕೊಂಗು ಸೀಮೆಗೆ ಹೋದರೆ ಇದೇ ಮಾತು ‘ಕೌಂಡರ್’ ಆಗಿದೆ; ತೆಲಂಗಾಣದಲ್ಲಿ ಈಚಲ ಕಳ್ಳು ಇಳಿಸುವ ಸಮುದಾಯದವರು ‘ಗೌಡ್’ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಉಳಿದ ಅಡ್ಡಹೆಸರುಗಳ ಕಥೆಯೂ ಇದೇ. ಹೆಗ್ಗಡೆ ಎಂದರೆ ಹಳೆಯ ಪೆರ್ಗಡೆ, ದೊಡ್ಡ ಅಧಿಕಾರಿ. ಶಾನುಭೋಗ ಎಂದರೆ ಶಾಸನದ ಸೇನಬೋವ, ಲೆಕ್ಕ ಬರೆಯುವವನು. ತರೀಕೆರೆಯ ಪಾಳೆಯಗಾರರ ‘ನಾಯಕ’ ಎಂಬುದೂ ಮುಂದೆ ನಿಂತು ನಡೆಸುವವನ ಹೆಸರೇ. ಎಲ್ಲವೂ ಕೆಲಸಗಳು. ಮಾಡಿದವರಿಗೆ ಹೆಸರು, ಮಾಡದವರಿಗೆ ಇಲ್ಲ.

ಹಾಗಾದರೆ ಹೆಂಗಸು ಈ ಕೆಲಸ ಮಾಡಿದ್ದುಂಟೇ? ಉಂಟು. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಶಾಸನವೊಂದು ಜಕ್ಕಿಯಬ್ಬೆ ಎಂಬುವಳ ಸಂಗತಿ ಹೇಳುತ್ತದೆ. ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಎರಡನೆಯ ಕೃಷ್ಣನ ಕಾಲ. ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ನಾಳ್ಗಾವುಂಡನಾಗಿದ್ದವನು ಸತ್ತರಸ ನಾಗಾರ್ಜುನ. ಅವನು ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಎಪ್ಪತ್ತು ಹಳ್ಳಿಯ ನಾಡು! ಅವಳು ಆಳಿದಳು, ಚೆನ್ನಾಗಿಯೇ ಆಳಿದಳು. ಕಡೆಗೆ ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ತನ್ನದನ್ನು ಒಪ್ಪಿಸಿ, ಬಂದಣಿಕೆಯ ಬಸದಿಗೆ ಹೋಗಿ, ಜೈನರ ವಿಧಿಯಂತೆ ವ್ರತ ಹಿಡಿದು ದೇಹ ಬಿಟ್ಟಳು. ಶಾಸನ ಅವಳನ್ನು ಹೊಗಳುವುದು ಅವಳು ನಡೆಸಿದ ಆಡಳಿತಕ್ಕಾಗಿ, ಅವಳ ನಿಷ್ಠೆಗಾಗಿ.

ಗಂಡ ಸತ್ತ ಮೇಲೆ ತಾನೇ ಸಿಕ್ಕಿದ್ದು ಎಂದು ಮೂಗು ಮುರಿಯುವವರುಂಟು. ಸರಿ, ಗಂಡನಿಂದಲೇ ಬಂತು. ಆದರೆ ಬಂದದ್ದು ಏನು? ಗಂಡನ ಹೆಸರಿನ ಬಾಲವಲ್ಲ, ಗಂಡನ ಕುರ್ಚಿ. ಈ ಎರಡರ ನಡುವಿನ ವ್ಯತ್ಯಾಸವೇ ನನ್ನ ಈ ಬರಹದ ಒಟ್ಟು ಮಾತು. ಸಾವಿರದ ನೂರು ವರ್ಷದ ಹಿಂದೆ ಹೆಣ್ಣಿಗೆ ಗಾವುಂಡತನ ಕೆಲಸವಾಗಿ ಬಂತು. ಇವತ್ತು ಅದೇ ಮಾತು ಅವಳಿಗೆ ಬಾಲವಾಗಿ ಬಂದಿದೆ, ಕೆಲಸ ಮಾತ್ರ ಬೇರೆಯವರ ಕೈಯಲ್ಲಿದೆ.

ಕಡೂರಿನಲ್ಲೇ 971ನೆಯ ಇಸವಿಯ ಇನ್ನೊಂದು ಶಾಸನ ಸಿಕ್ಕಿದೆ. ಗಂಗರ ಬೂತುಗನ ಅಕ್ಕ ಪಾಂಬಬ್ಬೆಯದು. ಅರಮನೆಯ ಹೆಣ್ಣುಮಗಳು, ತಲೆಗೂದಲು ತೆಗೆಸಿ 30 ವರ್ಷ ತಪಸ್ಸು ಮಾಡಿ ಮುಡಿಪಿದಳು. ಇಂಥವನ ಅಕ್ಕ, ಇಂಥವನ ಪಟ್ಟದ ರಾಣಿ ಎಂದು ಅಲ್ಲಿಯೂ ಹೇಳಿದೆ, ಇಲ್ಲವೆನ್ನುವುದಿಲ್ಲ. ಆದರೆ 30 ವರ್ಷದ ತಪಸ್ಸು ಅವಳದು, ಹೆಸರೂ ಅವಳದು. ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ಓಡಾಡುವ ನಮಗೆ ನಮ್ಮ ಊರಿನ ಕಲ್ಲಿನ ಮೇಲೆ ಇಂಥ ಹೆಸರಿದ್ದದ್ದು ಗೊತ್ತೇ ಇಲ್ಲ. ಅಮೃತಾಪುರದ ದೇವಸ್ಥಾನಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿ, 1196ರಲ್ಲಿ ಅದನ್ನು ಕಟ್ಟಿಸಿದ ದಂಡನಾಯಕನ ಹೆಸರನ್ನು ಬಾಯಿಪಾಠ ಮಾಡಿಸುತ್ತೇವೆ, ಮಾಡಿಸಬೇಕಾದದ್ದೇ. ಜೊತೆಗೆ ಪಾಂಬಬ್ಬೆಯ ಹೆಸರನ್ನೂ ಜಕ್ಕಿಯಬ್ಬೆಯ ಹೆಸರನ್ನೂ ಹೇಳಿದರೆ ಬಾಯಿ ನೋಯುತ್ತದೆಯೇ?

ಕೆಲಸದ ಹೆಸರು ಕುಲದ ಹೆಸರಾದದ್ದು ಹೇಗೆಂದರೆ, ಅಪ್ಪನ ಕೆಲಸ ಮಗನಿಗೆ ಎಂಬ ರೂಢಿಯಿಂದ. ಮೈಸೂರು ಸಂಸ್ಥಾನದಲ್ಲಿ ಸರ್ಕಾರದ ಬಾಯಲ್ಲಿ ‘ಪಟೇಲ’, ಊರವರ ಬಾಯಲ್ಲಿ ‘ಗೌಡ’. ವಂಶಪಾರಂಪರ್ಯದ ಈ ಅಧಿಕಾರಗಳಿಗೆ 1908ರಲ್ಲಿ ಒಂದು ಕಾಯಿದೆಯನ್ನೇ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಆಂಧ್ರದ ಒಂದು ಹಳ್ಳಿಯ ಮುನಸೀಫಿಕೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ವಂಶದ ಕಾರಣಕ್ಕೆ ಒಬ್ಬನಿಗೆ ಸರ್ಕಾರಿ ಹುದ್ದೆ ಕೊಡುವುದು ಸಂವಿಧಾನಕ್ಕೆ ವಿರುದ್ಧವೆಂದು 1960ರ ಡಿಸೆಂಬರಿನಲ್ಲಿ ಕೋರ್ಟು ತೀರ್ಪು ಕೊಟ್ಟಿತು. ನಮ್ಮ ರಾಜ್ಯದಲ್ಲಿ 1961ರಲ್ಲಿ ಗ್ರಾಮಾಧಿಕಾರಗಳನ್ನು ರದ್ದು ಮಾಡುವ ಕಾಯಿದೆ ಆಯಿತು. 1963ರ ಫೆಬ್ರುವರಿ 1ರಿಂದ ಪಟೇಲಿಕೆ, ಶಾನುಭೋಗಿಕೆ ಎಲ್ಲ ಹೋದವು. ಕುರ್ಚಿ ಹೋಯಿತು, ಕುರ್ಚಿಯ ಹೆಸರು ಮಾತ್ರ ಮನೆಯಲ್ಲಿ ಉಳಿಯಿತು.

ನನ್ನ ತವರು ಅಜ್ಜಂಪುರದ ಕಡೆಯ ಹಳ್ಳಿ. ನಮ್ಮ ತಾತನೂ ಊರ ಪಟೇಲರು. ಅವರು ಜಮಾಬಂದಿಗೆಂದು ತರೀಕೆರೆಗೆ ಗಾಡಿ ಕಟ್ಟಿಸಿದರೆ ಊರಿನ ಉಸಾಬರಿಯೆಲ್ಲ ಅಜ್ಜಿಯ ತಲೆಯ ಮೇಲೆ. ಕಂದಾಯ ತಂದವರ ದುಡ್ಡು ಎಣಿಸಿ ಗಂಟು ಕಟ್ಟಿ, ಕೊಟ್ಟವರ ಲೆಕ್ಕಕ್ಕೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದಿಡುತ್ತಿದ್ದಳಂತೆ. ನೀರಿನ ಜಗಳ ಬಂದರೆ ಜಗಲಿಯ ಮೇಲೆ ನಿಂತು ಬೈದು ಬಿಡಿಸುತ್ತಿದ್ದಳಂತೆ. ಗೌಡಿಕೆಯ ಅರ್ಧ ಕೆಲಸ ಅವಳದೇ. ಆದರೂ ಅವಳು ‘ಗೌಡ್ತಿ’, ಅಂದರೆ ಗೌಡನ ಹೆಂಡತಿ, ಅಷ್ಟೆ. ಊರಿಗೆಲ್ಲ ಗೌಡ್ತಮ್ಮ, ಮನೆಗೆಲ್ಲ ಅಜ್ಜಿ. ಅವಳಿಗೊಂದು ನದಿಯ ಹೆಸರಿತ್ತು ಎಂದು ನನಗೆ ಗೊತ್ತಾದದ್ದು ಪಡಿತರ ಚೀಟಿ ಬರೆಸುವಾಗ. ಅಷ್ಟು ಹೊತ್ತಿಗೆ ಆ ಹೆಸರಿನಿಂದ ಅವಳನ್ನು ಕರೆಯುವವರು ಯಾರೂ ಉಳಿದಿರಲಿಲ್ಲ.

ಇದು ನಮ್ಮ ದೇಶದ ಹಣೆಬರಹ ಮಾತ್ರ ಎಂದುಕೊಳ್ಳಬೇಡಿ. ಸರ್‌ನೇಮ್ ಎಂಬುದನ್ನು ನಮಗೆ ಕಲಿಸಿದ ಇಂಗ್ಲಿಷರ ಮನೆಯ ಕಥೆಯೂ ಇದೇ. ಅವರ ಹಳೆಯ ಇಂಗ್ಲಿಷಿನಲ್ಲಿ ಊರಿನ ಯಜಮಾನಿಕೆ ನೋಡುವವನಿಗೆ ‘ಗೆರೇಫ’ ಎಂದಿತ್ತು. ಅದು ‘ರೀವ್’ ಆಯಿತು, ನಮ್ಮ ಗೌಡನ ಹಾಗೆಯೇ ಕುಟುಂಬದ ಹೆಸರಾಗಿಯೂ ಉಳಿಯಿತು. ಜಿಲ್ಲೆಯಂಥ ‘ಶೈರ್’ಗೆ ರೀವ್ ಆದವನು ‘ಶೆರಿಫ್’. ಕಮ್ಮಾರನು ‘ಸ್ಮಿತ್’ ಆದ. ಅದಕ್ಕಿಂತ ಸ್ವಾರಸ್ಯದ್ದು ಬೇರೆಯೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಕೆಲಸ ಮಾಡುವವಳು ಹೆಂಗಸಾದರೆ ಪದದ ಕೊನೆಗೆ ‘ಸ್ಟರ್’ ಎಂದು ಸೇರಿಸುತ್ತಿದ್ದರು. ನೇಯುವವಳು ವೆಬ್‌ಸ್ಟರ್, ರೊಟ್ಟಿ ಸುಡುವವಳು ಬ್ಯಾಕ್ಸ್‌ಟರ್, ಬಿಯರು ಕಾಯಿಸುವವಳು ಬ್ರೂಸ್ಟರ್, ನೂಲುವವಳು ಸ್ಪಿನ್‌ಸ್ಟರ್. ಮೊದಲ ಮೂರು ಮಾತು ಬರಬರುತ್ತ ಗಂಡಸರ ಮನೆತನದ ಹೆಸರುಗಳಾದವು. ನಮ್ಮ ಶಾಲೆಯ ಬೀರುವಿನಲ್ಲಿರುವ ದಪ್ಪ ವೆಬ್‌ಸ್ಟರ್ ನಿಘಂಟಿನ ಹೆಸರಿನೊಳಗೆ ಮಗ್ಗದ ಮುಂದೆ ಕುಳಿತ ಹೆಂಗಸೊಬ್ಬಳಿದ್ದಾಳೆ; ಯಾರಿಗೂ ಕಾಣುವುದಿಲ್ಲ. ನಾಲ್ಕನೆಯದು ಮಾತ್ರ ಹೆಂಗಸಿನ ಪಾಲಿಗೆ ಉಳಿಯಿತು. ಹೇಗೆ? ಮದುವೆಯಾಗದೆ ಉಳಿದವಳು ಎಂಬ ಮೂದಲಿಕೆಯಾಗಿ! ದುಡಿಮೆಯ ಮಾತು ಗೌರವದ್ದಾದರೆ ಗಂಡಿಗೆ, ಹಂಗಿಸುವುದಾದರೆ ಹೆಣ್ಣಿಗೆ. ಪಾಲು ಮಾಡಿದವರ ನ್ಯಾಯ ನೋಡಿ.

ಈಗ ನಮ್ಮ ಊರಿಗೇ ವಾಪಸು ಬರೋಣ. ಹೋದ ಗೌಡಿಕೆ ಹೋಗಿಯೇ ಹೋಗಲಿಲ್ಲ, ಬೇರೆ ರೂಪದಲ್ಲಿ ತಿರುಗಿ ಬಂತು. 1983ರ ಕಾಯಿದೆಯಂತೆ ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯತಿಗಳಾದವು, 1987ರಲ್ಲಿ ಚುನಾವಣೆ ನಡೆಯಿತು, ನಾಲ್ಕರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಅದು ಮೂರರಲ್ಲಿ ಒಂದಾಯಿತು, 2010ರ ತಿದ್ದುಪಡಿಯಲ್ಲಿ ಅರ್ಧವಾಯಿತು. ಊರ ತೆರಿಗೆ, ಕೆರೆ, ದಾರಿ, ನೀರು — ಗಾವುಂಡರು ನೋಡುತ್ತಿದ್ದ ಇವೆಲ್ಲ ಇವತ್ತು ಗ್ರಾಮ ಪಂಚಾಯತಿಯ ಅಧ್ಯಕ್ಷೆಯ ಕೈಗೆ ಬಂದಿವೆ. ಜಕ್ಕಿಯಬ್ಬೆಯ ಕುರ್ಚಿ ಕಾನೂನಿನ ಪ್ರಕಾರವೇ ತಿರುಗಿ ಸಿಕ್ಕಿದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಎಷ್ಟೋ ಕಡೆ ರುಜು ಅವಳದು, ಮಾತು ಗಂಡನದು. ಸಭೆಗೆ ಅವಳು ಬಂದರೆ ಪಕ್ಕದಲ್ಲಿ ಅವನು. ಬಾರದಿದ್ದರೆ ಅವಳ ಜಾಗದಲ್ಲೇ ಅವನು. ಫ್ಲೆಕ್ಸಿನಲ್ಲಿ ಅವಳ ಹೆಸರಿಗಿಂತ ಅವಳ ಹೆಸರಿಗೆ ಅಂಟಿದ ಅವನ ಹೆಸರೇ ದಪ್ಪಕ್ಷರದಲ್ಲಿರುತ್ತದೆ. ಉತ್ತರದ ರಾಜ್ಯಗಳಲ್ಲಿ ಇಂಥವರನ್ನು ‘ಸರಪಂಚ ಪತಿ’ ಎಂದೇ ಕರೆಯುತ್ತಾರೆ. 2023ರಲ್ಲಿ ಈ ದೂರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿ, ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಒಂದು ಸಮಿತಿಯನ್ನೇ ಮಾಡಬೇಕಾಯಿತು. ಸಮಿತಿ ಏನು ಮಾಡೀತು? ಗೌಡನ ಹೆಂಡತಿ ಗೌಡ್ತಿ ಎಂಬ ಮಾತು ತಲೆಯಲ್ಲಿ ಕುಳಿತಿರುವ ತನಕ, ಗೌಡಿಕೆ ಮಾಡುವವಳೇ ಗೌಡ್ತಿ ಎಂದು ಊರಿಗೆ ಹೊಳೆಯುವುದಿಲ್ಲ. ಬಾಲವಾಗಿ ಬರೆದ ಹೆಸರು ಸುಮ್ಮನೆ ಕೂರುವುದಿಲ್ಲ, ಗೆಳತಿಯರೇ. ಸಮಯ ನೋಡಿ ಎದ್ದು ಬಂದು ಕುರ್ಚಿಯ ಮೇಲೆ ಕೂರುತ್ತದೆ.

ಮಾತು ಬದಲಾಗುವುದಿಲ್ಲ ಎನ್ನಬೇಡಿ. ನಾನು ಚಿಕ್ಕವಳಿದ್ದಾಗ ‘ಡಾಕ್ಟರಮ್ಮ’ ಎಂದರೆ ಡಾಕ್ಟರ ಹೆಂಡತಿಯೂ ಆಗುತ್ತಿತ್ತು. ಇವತ್ತು ಹಾಗೆಂದರೆ ಸ್ಟೆತಾಸ್ಕೋಪು ಹಿಡಿದವಳೇ. ಅದನ್ನು ಯಾವ ನಿಘಂಟೂ ತಿದ್ದಲಿಲ್ಲ. ಆಸ್ಪತ್ರೆಯಲ್ಲಿ ಕುಳಿತು ಕೆಲಸ ಮಾಡಿದ ಹೆಣ್ಣುಮಕ್ಕಳು ತಿದ್ದಿದರು. ಶಾನುಭೋಗಿಕೆಯನ್ನೇ ನೋಡಿ. ಆ ಲೆಕ್ಕದ ಕೆಲಸ ಗ್ರಾಮಲೆಕ್ಕಿಗರಿಗೆ ಬಂತು. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. ನನ್ನ ಮುಂದೆ ಬೆಂಚಿನ ಮೇಲೆ ಕುಳಿತು ಮಗ್ಗಿ ಹೇಳಿದ ಹುಡುಗಿಯರು ಇವತ್ತು ಆ ಪರೀಕ್ಷೆ ಬರೆಯುತ್ತಿದ್ದಾರೆ. ವಂಶದಿಂದ ಅಲ್ಲ, ಅಂಕದಿಂದ. ಅವರಲ್ಲಿ ಯಾರಿಗೂ ಶಾನುಭೋಗ ಎಂಬ ಅಡ್ಡಹೆಸರಿಲ್ಲ, ಬೇಕಾಗಿಯೂ ಇಲ್ಲ.

ನನ್ನ ಮಾತಿಗೆ ಎದುರು ಮಾತುಗಳಿವೆ, ಬಲ್ಲೆ. “ಸಂಸಾರಕ್ಕೆಲ್ಲ ಒಂದೇ ಹೆಸರಿದ್ದರೆ ಚೆಂದ ಅಲ್ವಾ?” ಎನ್ನುತ್ತಾರೆ. ಚೆಂದವೇ. ಹಾಗಾದರೆ ಆ ಒಂದು ಹೆಸರು ಪ್ರತಿ ಸಲವೂ ಅವನದೇ ಏಕೆ? ನಮ್ಮ ಅಪ್ಪ ಅಮ್ಮಂದಿರಿಗೆ ಒಂದೇ ಅಡ್ಡಹೆಸರಿರಲಿಲ್ಲ. ಅವರ ಸಂಸಾರವೇನು ಒಡೆದು ಹೋಯಿತೇ? “ಮಕ್ಕಳಿಗೆ ಅಪ್ಪನ ಹೆಸರು ಬೇಡವೇ?” ಎನ್ನುತ್ತಾರೆ. ಇರಲಿ, ಹೆತ್ತವಳದೂ ಇರಲಿ. ಗಂಡನನ್ನು ಕಳೆದುಕೊಂಡು ಮರುಮದುವೆಯಾದ ತಾಯಿಯೊಬ್ಬಳ ಪ್ರಕರಣದಲ್ಲಿ, ಮಗುವಿನ ಮನೆತನದ ಹೆಸರು ಯಾವುದೆಂದು ನಿರ್ಧರಿಸುವ ಹಕ್ಕು ಆ ತಾಯಿಗಿದೆ ಎಂದು 2022ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಲತಂದೆ ಎಂದು ಕಾಗದದಲ್ಲಿ ಬರೆಸಬೇಕೆಂಬ ಕೆಳಗಿನ ಕೋರ್ಟಿನ ಮಾತನ್ನು ಕ್ರೂರವೆಂದು ತಳ್ಳಿಹಾಕಿದೆ. ಊರಿಗೆ ದೊರೆಯಾದರೂ ತಾಯಿಗೆ ಮಗನೇ ಅಲ್ಲವೇ? “ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ರಗಳೆಯೇ?” ಎನ್ನುವವರಿಗೆ ನನ್ನದೊಂದೇ ಪ್ರಶ್ನೆ. ಅಷ್ಟು ಚಿಕ್ಕದಾದರೆ ಮದುವೆಯ ಮಾರನೆಯ ದಿನ ಗಂಡಸರು ಬದಲಿಸಿಕೊಳ್ಳಲಿ. ಒಬ್ಬರಾದರೂ ಮುಂದೆ ಬರುತ್ತಾರೆಯೇ ನೋಡೋಣ.

‘ಗೌಡ’ ಎಂಬ ಮಾತಿನ ಮೇಲೆ ನನಗೆ ಸಿಟ್ಟಿಲ್ಲ. ತಾತನ ಮನೆಯ ಮಾತು ಅದು, ನನಗೆ ಅಕ್ಕರೆಯೇ. ಹುಟ್ಟಿದ ಮನೆಯಿಂದ ಬಂದದ್ದೆಂದು ಯಾವಳಾದರೂ ಅಭಿಮಾನದಿಂದ ಅದನ್ನು ಇಟ್ಟುಕೊಂಡರೆ ಇಟ್ಟುಕೊಳ್ಳಲಿ. ಗಂಡನ ಹೆಸರನ್ನು ಪ್ರೀತಿಯಿಂದ ಸೇರಿಸಿಕೊಳ್ಳುವವಳನ್ನೂ ನಾನು ಬೈಯುವವಳಲ್ಲ. ನಾನು ಬೈಯುವುದು ಕೇಳದೆ ಅಂಟಿಸುವುದನ್ನು. ಜಾತಿಯ ಚೀಟಿಯಾಗಿ ಅಂಟಿಸುವುದನ್ನು. ಕೆಲಸ ಮಾಡುವವಳ ಹೆಸರನ್ನು ಕೆಲಸ ಮಾಡದವನ ಹೆಸರಿನ ಕೆಳಗೆ ಮುಚ್ಚಿಡುವುದನ್ನು.

ಆದ್ದರಿಂದ ಮಕ್ಕಳ ಅರ್ಜಿ ತುಂಬಿಸುವ ತಾಯಂದಿರೇ, ಖಾನೆ ತುಂಬಲೇಬೇಕಾದರೆ ಊರಿನ ಹೆಸರು ಬರೆಸಿ. ಕಡೂರು ಎನ್ನಿ, ತರೀಕೆರೆ ಎನ್ನಿ, ಅಜ್ಜಂಪುರ ಎನ್ನಿ. ಊರಿಗೆ ಜಾತಿಯಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ. ಮಗಳ ಮಾರ್ಕ್ಸ್ ಕಾರ್ಡಿನಲ್ಲಿ ಯಾವ ಹೆಸರಿದೆಯೋ ಅದೇ ಹೆಸರು ಆಧಾರಿನಲ್ಲಿ, ಬ್ಯಾಂಕಿನಲ್ಲಿ, ಜಮೀನಿನ ಪಹಣಿಯಲ್ಲಿ ಇರುವಂತೆ ನೋಡಿಕೊಳ್ಳಿ. ಮದುವೆಯ ಮಾತುಕತೆಗೆ ಕೂತಾಗಲೇ, ನಮ್ಮ ಹುಡುಗಿಯ ಹೆಸರು ಬದಲಾಗುವುದಿಲ್ಲ ಎಂದು ಹೇಳಿಬಿಡಿ. ಪಂಚಾಯತಿಗೆ ಆರಿಸಿ ಬಂದ ಅಕ್ಕಂದಿರೇ, ಬೋರ್ಡಿನ ಮೇಲೆ ನಿಮ್ಮ ಹೆಸರನ್ನು ಮಾತ್ರ ಬರೆಸಿ, ಸಭೆಯ ದಿನ ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ. ಯಜಮಾನರು ಜೊತೆಗೆ ಬಂದರೆ ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಂದು ಲೋಟ ಕಾಫಿ ಕೊಡಿಸಿ. ಗೌಡಿಕೆಗೆ ಬಂದವರನ್ನು ನಮ್ಮ ಅಜ್ಜಿಯೂ ಕಾಫಿ ಕೊಡದೆ ಕಳಿಸಿದವಳಲ್ಲ.